ಅಪ್ಪಯ್ಯನ ಮಾರು

ಆಗಸ್ಟ್ ೧೯, ಮಂಗಳವಾರ

ಆಫೀಸಿನಲ್ಲಿ, ಮೋರಿಗೆ ಎಷ್ಟು ನೆರೆನೀರು ಬರುತ್ತದೆಂದು ಲೆಕ್ಕ ಹಾಕುವ ಸೂತ್ರಕ್ಕೆ ಸಾಫ್ಟ್‌ವೇರ್ ಬೆಳಗಿನಿಂದ 'ಯುನಿಟ್ ಹೊಂದುತ್ತಿಲ್ಲ' ಅಂತ ಒಂದೇ ಹಟ. ಸಂಜೆ ಹೊಳೆಯಿತು: ಸೂತ್ರ ಮಾಡಿದವರು ಮಳೆನೀರು ಹರಿದು ಬರುವ ಜಾಗವನ್ನು ಚದರ ಕಿಲೋಮೀಟರಿನಲ್ಲಿ ಅಳೆದಿದ್ದರು. ನಾನೂ ಹಾಗೇ ಅಳೆದು, ಯುನಿಟ್ ಬಿಟ್ಟು ಬರೀ ಅಂಕಿ ಕೊಟ್ಟೆ, ಒಪ್ಪಿತು. ಪೆದ್ದಿ ನಾನು.

ಮನೆಗೆ ಬಂದರೆ ಅಪ್ಪಯ್ಯ ದೋಣಿಯ ಲಂಗರಿನ ಹಗ್ಗ ಹರವಿಕೊಂಡು ಮಂಕಾಗಿ ಕೂತಿದ್ದರು.

"ನಲ್ವತ್ತ್ ವರ್ಷ ಇಪ್ಪತ್ತೇ ಮಾರ್ ಅಳ್ದದ್ದ್. ಈ ಹೊಸ ಹಗ್ಗ ಎಂತಕೆ ಸಾಕಾತಿಲ್ಲೆ ಮಗಾ?"

ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು; ಎದ್ದು ನಿಂತು ಹಾಗೆ ಚಾಚಲು ಹೇಳಿ ಟೇಪು ಹಿಡಿದೆ. ಹೋದ ವರ್ಷ ಬಿದ್ದ ಮೇಲೆ ಅವರ ಎಡಗೈ ಪೂರ್ತಿ ಚಾಚುವುದಿಲ್ಲ. ಹಳೆಯ ಹಗ್ಗಕ್ಕೆ ಹೋಲಿಸಿದರೆ ಈಗ ಅವರ ಒಂದು ಮಾರಿಗೆ ಒಂದು ಗೇಣು ಕಮ್ಮಿ.

"ನನ್ನ ಲೆಕ್ಕ ತಪ್ಪಿತಾ?"

"ಇಲ್ಲೆ ಅಪ್ಪಯ್ಯ, ಲೆಕ್ಕ ಸಮ ಇತ್ತ್. ಇನ್ಮೇಲೆ ಇಪ್ಪತ್ಮೂರ್ ಮಾರ್ ಬೇಕ್, ಅಷ್ಟೇ."

ಅವರು ಕೈ ಚಾಚಿಕೊಂಡೇ ನಿಂತಿದ್ದರು. ಟೇಪು ಬಿಟ್ಟು ಆ ಕೈಗಳ ನಡುವೆ ಹೋಗಿ ನಿಂತೆ. ಸಣ್ಣವಳಿದ್ದಾಗಿನಷ್ಟೇ ಜಾಗ ಇತ್ತು.