ಅಣು ಆಯೋಗದ ಮುಂದೆ ಮಾತಾಡಿದವಳಿಗೆ

ಮಕ್ವಾ ಪಾಯಿಂಟ್,
ಅಕ್ಟೋಬರ್ ೧೪

ಪ್ರೀತಿಯ ಡೆಲ್ಫೀನ್,

ನೀನು ಅಲ್ಲಿ ಸೌಖ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ವಿಚಾರಣೆಯ ದಿನ ಪರದೆಯ ಮೇಲೆ ನೋಡಿದಾಗ ನಿನ್ನ ಮುಖದಲ್ಲಿ ಒಳ್ಳೆಯ ಕಳೆ ಇತ್ತು. ನಿನ್ನ ಫೋನುಗಳಿಗೆ ಉತ್ತರಿಸದಿದ್ದಕ್ಕೆ ಕ್ಷಮಿಸು. ಬಲೆ ತೊಳೆಯುತ್ತಿದ್ದೆ ಎಂದು ಸುಳ್ಳು ಹೇಳಬಹುದಿತ್ತು, ಆದರೆ ನಿನ್ನ ತಂಗಿ ಜಿಸೆಲ್ ಆಗಲೇ ಎಲ್ಲ ನಿನ್ನ ಕಿವಿಗೆ ಊದಿರುತ್ತಾಳೆ. ಹೌದು, ಫೋನಿನ ಪಕ್ಕದಲ್ಲೇ ಮುಖ ಊದಿಸಿಕೊಂಡು ಕೂತಿದ್ದೆ.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ನಿನ್ನ ಅಣ್ಣ ಒಂದು ಮೂಸ್ ಜಿಂಕೆ ಹೊಡೆದು ನಮ್ಮ ಪಾಲು ತಂದುಕೊಟ್ಟ. ಸಾರು ಮಾಡಿದೆ, ಉಪ್ಪು ಜಾಸ್ತಿಯಾಯಿತು. ರೊಟ್ಟಿ ಸೀದುಹೋಯಿತು. ನೀನು ಉಳಿದಿರುವ ಹೋಟೆಲಿನಲ್ಲಿ ಬೆಳಗಿನ ತಿಂಡಿಯೂ ಸರ್ಕಾರದ ಆ ನಿಧಿಯ ಲೆಕ್ಕದಲ್ಲೇ ಅಂತೆ, ಚೆನ್ನಾಗಿ ತಿನ್ನು.

ಆ ನಿಧಿಯ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅಣುತ್ಯಾಜ್ಯವನ್ನು ನಮ್ಮ ನದಿಯ ಮೇಲಿನ ಗುಡ್ಡದಲ್ಲಿ ಹೂಳುವುದು ಸರಿಯೋ ತಪ್ಪೋ ಎಂದು ಮೂಲನಿವಾಸಿಗಳಾದ ನಮ್ಮ ಜನವೂ ಪರೀಕ್ಷಿಸಿ ಹೇಳಲಿ ಎಂದು ಸರ್ಕಾರ ದುಡ್ಡು ಕೊಟ್ಟಿದ್ದು ಒಳ್ಳೆಯದೇ. ಅಷ್ಟಕ್ಕಾಗಿ ನಮ್ಮವರು ವರ್ಷಗಟ್ಟಲೆ ಬಾಗಿಲು ಬಡಿದಿದ್ದಾರೆ. ಆದರೆ ಕೌನ್ಸಿಲ್ ಕಚೇರಿಯ ಮಾರ್ಲೆನ್ ಕೆಂಪು ಬಟ್ಟೆಯಲ್ಲಿ ತಂಬಾಕು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದ ದಿನ ನೆನಪಿದೆಯಾ? ನಮ್ಮಲ್ಲಿ ತಂಬಾಕು ಕೊಟ್ಟು ಕೇಳಿದಾಗ ತೆಗೆದುಕೊಂಡರೆ ಮಾತಾಡಲು ಒಪ್ಪಿದಂತೆಯೇ. ಜೀವಮಾನವಿಡೀ ಆ ಗುಡ್ಡದ ಕೆಳಗಿನ ಕೊಲ್ಲಿಯಲ್ಲಿ ಬಲೆ ಹಾಕಿದವನು ನಾನು. ಇನ್ನು ಯಾರನ್ನು ಕೇಳುತ್ತಾರೆ ಎಂದು ಕೈ ಚಾಚಿ ಗಂಭೀರವಾಗಿ ತೆಗೆದುಕೊಂಡುಬಿಟ್ಟೆ. ಆ ಹುಡುಗಿಯ ಮುಖ ಕೆಂಪಗಾಯಿತು. "ಮಾವ, ಅದು... ಅತ್ತೆಗೆ ತಂದಿದ್ದು" ಅಂದಳು. ನಾನೇ ಅದನ್ನು ನಿನ್ನ ಕೈಗೆ ದಾಟಿಸಿದೆ. ನೀನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆಮೇಲೆ ಆ ರೊಸೇರ್ ಬಂದ. ಪಕ್ಕದ ಮೀಸಲು ಊರಿನ ವಿಧುರ, ಉದ್ದ ಜಡೆ, ಇಸ್ತ್ರಿ ಮಾಡಿದ ಅಂಗಿ. ನಮ್ಮ ಭಾಷೆಯಲ್ಲಿ ಮಾತಾಡುವವರಿದ್ದರೆ ದುಭಾಷಿಗೂ ನಿಧಿಯಿಂದ ಸಂಬಳವಂತೆ. ಅವನು ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿದಾಗಲೂ ನನಗೆ ಏನೂ ಹೊಳೆಯಲಿಲ್ಲ. ಇವನಿಗೇನು ಕೆಲಸ, ಡೆಲ್ಫೀನ್ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ಚಿಕ್ಕಂದಿನಲ್ಲಿ ಸರ್ಕಾರ ಎಳೆದೊಯ್ದು ಹಾಕಿದ ಆ ವಸತಿ ಶಾಲೆಯವರು ಅವಳ ಭಾಷೆಯನ್ನು ಬೇರು ಸಹಿತ ಕಿತ್ತಿದ್ದಾರೆ ಎಂದುಕೊಂಡೆ. ನಮ್ಮ ಮನೆಯೊಳಗೆ ಒಂದೇ ಒಂದು ಸಲವೂ ನಿನ್ನ ಬಾಯಿಂದ ಅದನ್ನು ಕೇಳಿರಲಿಲ್ಲವಲ್ಲ.

ವಿಚಾರಣೆಯ ದಿನ ಊರೆಲ್ಲ ಇಲ್ಲಿನ ಸಭಾಭವನದಲ್ಲಿ ಪರದೆಯ ಮುಂದೆ ಸೇರಿತ್ತು. ಅಲ್ಲಿ ನಗರದಲ್ಲಿ ನೀನು ಮೈಕಿನ ಮುಂದೆ ಕೂತೆ, ಕನ್ನಡಕ ತೆಗೆದಿಟ್ಟೆ, ನಮ್ಮ ಭಾಷೆಯಲ್ಲಿ ಶುರುಮಾಡಿದೆ. ಜಿಸೆಲ್ ನನ್ನ ತೋಳು ಹಿಡಿದುಕೊಂಡಳು. ನಿನ್ನ ದನಿಯ ಹಿಂದೆಯೇ ಇಂಗ್ಲಿಷಿನಲ್ಲಿ ರೊಸೇರ್‌ನ ದನಿ ಬರುತ್ತಿತ್ತು. ನನ್ನ ಹೆಂಡತಿಯ ಮಾತನ್ನು ಬೇರೊಬ್ಬ ಗಂಡಸು 'ನಾನು, ನಾನು' ಎಂದು ಹೇಳುವುದನ್ನು ಊರೆದುರು ಕೂತು ಕೇಳಿದೆ. ಅವನ ಗಂಟಲು ಹಿಸುಕಬೇಕೆನಿಸಿತು.

ಬೇಸಿಗೆಯ ಸಂಜೆಗಳಲ್ಲಿ ನೀನು ಒಬ್ಬಳೇ ದೋಣಿ ತೆಗೆದುಕೊಂಡು ಕೊಲ್ಲಿಗೆ ಹೋಗುತ್ತಿದ್ದೆಯಲ್ಲ, ಬಲೆ ನೋಡಲು ಎಂದು ನಾನು ನಂಬಿದ್ದೆ. ಆಯೋಗದವರಿಗೆ ನೀನು ಹೇಳಿದೆ, ಭಾಷೆ ಮರೆಯದಿರಲೆಂದು ಆ ನೀರಿನ ಜೊತೆ ಮಾತಾಡಲು ಹೋಗುತ್ತಿದ್ದೆ ಎಂದು. "ಮನೇಲಿ ಮಾತಾಡೋಕೆ ಯಾರೂ ಇರ್ಲಿಲ್ಲ. ಈ ನೀರು ಕೇಳ್ಕೊಳ್ತಿತ್ತು. ಅದಕ್ಕೆ ವಿಷ ಸೇರಿದ್ರೆ ನಾನು ಯಾರ ಹತ್ರ ಹೋಗ್ಲಿ?" ಅಂದೆ. ಆಯೋಗದ ಹೆಂಗಸು ಬರೆಯುವುದನ್ನು ನಿಲ್ಲಿಸಿ ನಿನ್ನನ್ನೇ ನೋಡಿದಳು. ಇಲ್ಲಿ ಸಭಾಭವನದಲ್ಲಿ ಎಲ್ಲರೂ ಅತ್ತರು. ನಾನು ಎದ್ದು ಹೊರಗೆ ಹೋದೆ. ಭಾವನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು ಎಂದು ಜಿಸೆಲ್ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಹೇಳಲಿ ಬಿಡು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಗುಡ್ಡದ ಉಸ್ತುವಾರಿ ಸಮಿತಿಯಲ್ಲಿ ಮೂರು ವರ್ಷದ ಸ್ಥಾನ, ಖರ್ಚೆಲ್ಲ ನಿಧಿಯದು, ಒಪ್ಪಲೋ ಬೇಡವೋ, ನಾನು ಬೇಡ ಅಂದರೆ ಒಪ್ಪುವುದಿಲ್ಲ ಎಂದು ಫೋನಿನಲ್ಲಿ ಸಂದೇಶ ಬಿಟ್ಟಿದ್ದೀಯ. ಒಪ್ಪಿದರೆ ಪ್ರತಿ ತಿಂಗಳೂ ರೊಸೇರ್ ನಿನ್ನ ಪಕ್ಕದಲ್ಲಿ ಕೂರುತ್ತಾನೆ. ಬೇಡ ಎಂದು ಬರೆದು ಹರಿದೆ, ಮತ್ತೆ ಬರೆದು ಮತ್ತೆ ಹರಿದೆ. ಒಪ್ಪಿಕೋ. ಆ ಗುಡ್ಡದಿಂದ ಏನು ಸೋರಿದರೂ ಮೊದಲು ಬರುವುದು ಆ ಕೊಲ್ಲಿಗೆ, ನಿನ್ನ ಮಾತು ಕೇಳಿ ಅವರು ಬರೆಯುವುದನ್ನು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ನನಗೆ ಉರಿಯುತ್ತದೆ, ಉರಿಯಲಿ.

ಕೌನ್ಸಿಲ್ ವ್ಯಾನಿನ ಜೊತೆ ನಿನ್ನ ದಪ್ಪ ಕೋಟು ಕಳಿಸಿದ್ದೇನೆ. ಹಿರಿಯರು ನಿನ್ನ ಬೆನ್ನಿಗಿರಲಿ, ನಿನ್ನ ಗಂಟಲು ಗಟ್ಟಿಯಾಗಿರಲಿ.

ನಿನ್ನ,
ಓವಿಡ್

ತಾ.ಕ.: ನಮ್ಮ ಮದುವೆಯಾದ ಮೊದಲ ಚಳಿಗಾಲದಲ್ಲಿ ನನ್ನ ಅಮ್ಮ ಊಟದ ಹೊತ್ತಿಗೆ ನಮ್ಮ ಭಾಷೆಯಲ್ಲಿ ನಿನ್ನನ್ನು ಮಗಳೇ ಎಂದು ಕರೆದಳು. ನೀನು ಬಿಳಿಚಿಕೊಂಡು ಎದ್ದು ಹೋದೆ, ಸೌದೆ ರಾಶಿಯ ಹಿಂದೆ ನಿಂತು ನಡುಗುತ್ತಿದ್ದೆ. ಆ ಮಾತು ಕಿವಿಗೆ ಬಿದ್ದರೆ ನಿನಗೆ ಶಾಲೆಯ ಬೆತ್ತ ನೆನಪಾಗುತ್ತದೆ ಎಂದು, ನಿನ್ನ ಮುಂದೆ ಇನ್ನು ಆ ಭಾಷೆ ಬೇಡ ಎಂದು ನಾನೇ ಅಮ್ಮನಿಗೆ ಹೇಳಿದೆ. ಅವಳು ಸಾಯುವವರೆಗೂ ನಿನ್ನೊಡನೆ ಮುರುಕು ಇಂಗ್ಲಿಷಿನಲ್ಲೇ ಮಾತಾಡಿದಳು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಆ ಭಾಷೆ ನನಗೂ ಮರೆತುಹೋಗಿದೆ ಎಂದು ನೀನು ತಿಳಿದೆ, ನಾನು ತಿದ್ದಲಿಲ್ಲ. ಯಾರೂ ಇರಲಿಲ್ಲ ಎಂದು ನೀನು ಅಂದದ್ದು ರೊಸೇರ್ ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು. ನಾನಿದ್ದೆ, ಡೆಲ್ಫೀನ್.