ಬೆಳ್ಳಗೇ ಉಳಿದ ಪಟ್ಟಿ

ಕಾಳಿ ಕೊಲ್ಲಿಯ ತೇಲೂರು
ಇಸವಿ ೨೪೧೭, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಹಿಂದಿನವರೇ,

ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ಎಡವಿದರೆ ಮನ್ನಿಸಿ. ನನ್ನ ಮಗಳು ಮಂಕಾಳಿ ನಾಲ್ಕು ದಿನದಿಂದ ಉಸಿರುಯಂತ್ರದ ಆಸರೆಯಲ್ಲಿದ್ದಾಳೆ. ಮೊದಲು ರೆಪ್ಪೆ ಜೋತುಬಿತ್ತು, ಆಮೇಲೆ ನುಂಗುವುದಕ್ಕೂ ಆಗಲಿಲ್ಲ. ಮೀನಿನ ಭರಣಿಯೇ ಕಾರಣ ಎನ್ನುತ್ತೇನೆ ನಾನು. ಇಡೀ ಊರು ಅಲ್ಲ ಎನ್ನುತ್ತದೆ.

ನಾವು ಮೀನನ್ನು ಗಾಳಿಯಾಡದಂತೆ ಭರಣಿಯಲ್ಲಿ ಮುಚ್ಚಿಡುತ್ತೇವೆ. ಅಂಥಲ್ಲೇ ಬೆಳೆಯುವ ಬ್ಯಾಕ್ಟೀರಿಯಾಗಳು ಮಹಾ ಕಿಲಾಡಿಗಳು. ಒಂದೆರಡೇ ಇದ್ದಾಗ ವಿಷದ ಗೋಜಿಗೆ ಹೋಗುವುದಿಲ್ಲ. ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ಅದನ್ನು ನಾವು ಪಿಸುರಸ ಎನ್ನುತ್ತೇವೆ. ಸಂಖ್ಯೆ ಹೆಚ್ಚಿದಂತೆ ಪಿಸುರಸ ದಟ್ಟವಾಗುತ್ತದೆ. ಸಾಕಷ್ಟು ಮಂದಿ ಸೇರಿದೆವು ಎಂದು ಅದರಿಂದ ಗೊತ್ತಾದ ಮೇಲೆಯೇ ಎಲ್ಲವೂ ಒಟ್ಟಿಗೆ ವಿಷ ತಯಾರಿಸುತ್ತವೆ. ಕೆಲವಂತೂ ತಮ್ಮ ಮೈಯನ್ನೇ ಒಡೆದುಕೊಂಡು ಅದನ್ನು ಹೊರಗೆ ಸುರಿಯುತ್ತವೆ. ಮುಚ್ಚಳದ ಒಳಗಿನ ಪಟ್ಟಿ ಪಿಸುರಸ ತಾಗಿದರೆ ನೀಲಿಯಾಗುತ್ತದೆ. ತಿನ್ನುವ ಮುನ್ನ ಅದನ್ನು ಪಕ್ಕದ ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ನಮ್ಮ ಪದ್ಧತಿ. ಕುದಿಸಿ ತಿನ್ನುವುದನ್ನು ಬಿಟ್ಟು ನೂರು ವರ್ಷವಾಯಿತು.

ಮಂಕಾಳಿ ಆ ಭರಣಿಯ ಮೀನು ತಿಂದ ದಿನ ಪಕ್ಕದ ಮನೆಯ ಗಣಪಿ ಪಟ್ಟಿ ನೋಡಿ ನಕ್ಕಳು. "ಬೆಳ್ಳಗೇ ಅದ್ಯಲ ಅಕ್ಕಾ, ಹೆದ್ರೂದು ಎಂತಕ್ಕೆ?"

ಮಗಳು ಹಾಸಿಗೆ ಹಿಡಿದಂದಿನಿಂದ ಆ ಬಿಳಿಯ ಮೇಲೇ ನನಗೆ ಗುಮಾನಿ. ಭರಣಿಗೆ ನಾವು ಮೌನಮದ್ದನ್ನೂ ಹಾಕುತ್ತೇವೆ. ಅದು ಪಿಸುರಸವನ್ನು ಚೂರು ಮಾಡಿ, ಬ್ಯಾಕ್ಟೀರಿಯಾಗಳಲ್ಲಿ ಒಂದರ ಸುದ್ದಿ ಇನ್ನೊಂದಕ್ಕೆ ಸಿಗದಂತೆ ಮಾಡುತ್ತದೆ. ಪಿಸುರಸವನ್ನೇ ನಾವು ಅಳಿಸಿದ ಮೇಲೆ ಪಟ್ಟಿ ನೀಲಿಯಾಗುವುದಾದರೂ ಹೇಗೆ? ಯಾವುದೋ ತಳಿ ಉಳಿದವುಗಳಿಗೆ ಕಾಯುವುದನ್ನೇ ಬಿಟ್ಟು ಒಂಟಿಯಾಗಿ ವಿಷ ಮಾಡತೊಡಗಿದರೆ ಹೇಳುವವರು ಯಾರು? ಮಗಳ ಭರಣಿಗೆ ನಾನೇ, ಇರಲಿ ಎಂದು, ಎರಡು ಪಾಲು ಮದ್ದು ಹಾಕಿದ್ದೆ.

ಊರಿನ ಹಿರಿಯರನ್ನು ಕೇಳಿದೆ. ಪಟ್ಟಿ ಬಿಳಿ ಇದ್ದ ಮೇಲೆ ವಿಷ ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿದರು. ವಿಷವನ್ನು ನೇರವಾಗಿ ಹುಡುಕುವ ವಿಧಾನ ಇಲ್ಲಿ ಯಾರಿಗೂ ಗೊತ್ತಿಲ್ಲ. ಮರೆತರೋ, ಮರೆಸಿದರೋ, ನನಗೆ ತಿಳಿಯದು.

ಮೌನಮದ್ದು ಮೊದಲು ತಯಾರಾದದ್ದು ನಿಮ್ಮ ಕಾಲದಲ್ಲಂತೆ. ನಿಮ್ಮನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ, ಮದ್ದಿನ ಜೊತೆಗಿಡುವ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಪಿಸುರಸ ಕಾಣದಿದ್ದರೂ ವಿಷವನ್ನು ಬೇರೆಯಾಗಿ ಪರೀಕ್ಷಿಸಿ, ಕುದಿಸದೆ ತಿನ್ನಬೇಡಿ. ನೀವು ಅದನ್ನು ಬರೆದಿದ್ದರೆ ನಾನೀಗ ಮಂಕಾಳಿಯ ಜೊತೆ ಊಟಕ್ಕೆ ಕೂತಿರುತ್ತಿದ್ದೆ, ಈ ಕಾಗದ ಹುಟ್ಟುತ್ತಲೇ ಇರಲಿಲ್ಲ. ಇದು ನಿಮ್ಮ ಕೈಯಲ್ಲಿದೆ ಎಂದರೆ ನೀವಿನ್ನೂ ಬರೆದಿಲ್ಲ.

ಮಂಕಾಳಿಯ ತಾಯಿ,
ಹೊನ್ನಿ