ಹರಿಗೋಲು ಸಂಘದ ನಾಲ್ಕನೇ ನಿಯಮ

ಆಚೆ ದಡದ ಅಣ್ಣ ಸಾಬಣ್ಣನಿಗೆ, ಸುರಪುರ ಕಡೆಯ ದಡದಿಂದ ತಮ್ಮನ ನಮಸ್ಕಾರ.

ಕಾರ್ಯದರ್ಶಿಯಾಗಿ ನೀನು ಕಳಿಸಿದ ಹರಿಗೋಲು ಸಂಘದ ಅರ್ಜಿ ಮುಟ್ಟಿತು. ವಿಮೆ ಒಳ್ಳೆಯದೇ. ತೇಲುವ ಜಾಕೀಟು ನನಗೆ ಬೇಡ. ಕೃಷ್ಣೆಯಲ್ಲಿ ಈಜು ಕಲಿಸಿದವನು ನೀನೇ. ಕಾಲುವೆ ಬಂದಾಗಿನಿಂದ ಭತ್ತದ ನಾಟಿಗೆ ಹೋಗಿಬರುವ ಹೆಂಗಸರಿದ್ದಾರೆ, ಸಂಘವಿಲ್ಲದೆಯೂ ನನ್ನ ಹರಿಗೋಲು ತುಂಬುತ್ತದೆ.

ಆದರೆ ಮನೆಯಲ್ಲಿ ನನ್ನಾಕೆ ದೇವಕ್ಕನಿಗೆ ನಾಲ್ಕನೇ ನಿಯಮ ಓದಿ ಹೇಳಿದೆ: ಜನರನ್ನು ದಾಟಿಸಿ ಬಂದ ಹರಿಗೋಲಿನವರು ತಮ್ಮ ಮುಂದಿನ ಪಾಳಿಯವರೆಗೆ ಆ ದಡದಲ್ಲೇ ಕಾಯಬೇಕು.

"ಹಂಗಾದ್ರ ಭಾವನೋರು ನಮ್ಮ ದಂಡಿಗೇ ಕೂಡಬೇಕಾತು," ಎಂದು ನಕ್ಕಳು. "ಮನಿ ಬ್ಯಾರೆ ಆದಾಗಿಂದ ನಮ್ಮ ರೊಟ್ಟಿ ತಿಂದಿಲ್ಲ ಅವರು. ಸಹಿ ಮಾಡ್ರಿ."

ಮಾಡಿದ್ದೇನೆ. ನಿನ್ನ ಪಾಳಿಯನ್ನು ಮಧ್ಯಾಹ್ನಕ್ಕೇ ಹಾಕಿಕೊ. ಬದನೆಕಾಯಿ ಈಗಲೂ ತಿನ್ನುವುದಿಲ್ಲವೇ, ಅದನ್ನಷ್ಟು ತಿಳಿಸು.

ನಿನ್ನ ತಮ್ಮ,
ಹುಲಗಪ್ಪ